ಸೆಕೆಂಡ್ ಹ್ಯಾಂಡ್ ಬೊಲೆರೊ, ಸ್ಕಾರ್ಪಿಯೋ, ಇನ್ನೋವಾ, ಡಸ್ಟರ್, ಬ್ರೆಝಾ: ಯಾವ್ದನ್ನ ನಂಬಬಹುದು, ತಗೊಳ್ಳೋ ಮುಂಚೆ ಏನೇನು ಕೆದಕಬೇಕು

ಬೊಲೆರೊ ತಗೊಳ್ಳಲಾ ಸ್ಕಾರ್ಪಿಯೋ ತಗೊಳ್ಳಲಾ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ಒಂದೇ, ನಿಮ್ಮ ಊರು ಯಾವ್ದು, ಗಾಡಿ ಕೆಟ್ರೆ ಯಾರ ಹತ್ರ ತಗೊಂಡು ಹೋಗ್ತೀರಾ? ಯಾಕಂದ್ರೆ 5ರಿಂದ 8 ಲಕ್ಷದ ಬಜೆಟ್ಟಲ್ಲಿ ಸಿಗೋ ಹಳೇ ಗಾಡಿಗಳಲ್ಲಿ ಕೆಡದೇ ಇರೋದು ಅಂತ ಯಾವ್ದೂ ಇಲ್ಲ, ಎಲ್ಲಾ ಕೆಡತ್ತೆ, ಕೆಟ್ಟಾಗ ಎಷ್ಟು ದಿನ ಗ್ಯಾರೇಜಲ್ಲಿ ನಿಲ್ಲತ್ತೆ, ಎಷ್ಟು ದುಡ್ಡು ತಿನ್ನತ್ತೆ ಅನ್ನೋದ್ರಲ್ಲೇ ವ್ಯತ್ಯಾಸ ಇರೋದು. ಬೆಂಗಳೂರಲ್ಲಿ ಇರೋರಿಗೆ ಜೆಸಿ ರೋಡ್ ಇದೆ, ಶಿವಾಜಿನಗರದ ಗುಜರಿ ಇದೆ, ಯಾವ ಕಂಪನಿ ಪಾರ್ಟ್ ಆದ್ರೂ ಹೆಂಗೋ ಹುಡುಕಿ ಹಾಕಿಸ್ಕೊಳ್ಳಬಹುದು. ಕೊಪ್ಪ ಶೃಂಗೇರಿ ಕಡೆಯೋರಿಗೆ, ಸಿಂಧನೂರು ಲಿಂಗಸುಗೂರು ಕಡೆಯೋರಿಗೆ ಆ ಲೆಕ್ಕ ನಡೆಯಲ್ಲ, ಅಲ್ಲಿ ತಾಲೂಕಿನ ಮೆಕ್ಯಾನಿಕ್ ಕೈಗೆ ಯಾವ ಗಾಡಿ ಒಗ್ಗಿದೆಯೋ ಅದೇ ಒಳ್ಳೇ ಗಾಡಿ.

ಎರಡನೇದು, ಗಾಡಿ ರೇಟು ಇಳಿಯತ್ತೆ, ಪಾರ್ಟ್ಸ್ ರೇಟು ಇಳಿಯಲ್ಲ. ಹೊಸದಾಗಿದ್ದಾಗ 25 ಲಕ್ಷ ಇದ್ದ ಗಾಡಿ ಇವತ್ತು 8 ಲಕ್ಷಕ್ಕೆ ಸಿಕ್ತು ಅಂತ ಖುಷಿ ಪಡ್ಬೇಡಿ, ಅದರ ಇಂಜೆಕ್ಟರು, ಟರ್ಬೊ, ಡಿಸ್ಕು ಎಲ್ಲಾ ಇವತ್ತಿಗೂ 25 ಲಕ್ಷದ ಗಾಡಿ ಸಾಮಾನೇ. ಹಳೇ ಫಾರ್ಚುನರ್ ತಗೊಂಡು ಊರಲ್ಲಿ ಒಂದು ರೌಂಡ್ ಹೊಡೆಯೋ ಆಸೆ ಇರೋರು ಇದನ್ನ ಎರಡು ಸಲ ಓದ್ಕೊಳ್ಳಿ, ಜರ್ಮನ್ ಗಾಡಿ ಮೇಲೆ ಕಣ್ಣಿಟ್ಟಿರೋರು ನಾಲ್ಕು ಸಲ.

ಮಾಡೆಲ್ ಹೆಸರು ಆಮೇಲೆ, ಮೊದಲು ಎಂಜಿನ್ನು ಮತ್ತೆ ಇಸವಿ

ಸ್ಕಾರ್ಪಿಯೋ ಅಂದ್ರೆ ಒಂದು ಗಾಡಿ ಅಲ್ಲ. 2002ರಲ್ಲಿ ಬಂದಾಗ 2.6 ಲೀಟರ್ ಎಂಜಿನ್, ಆಮೇಲೆ 2.2 ಎಂಹಾಕ್ ಬಂತು, 2014ರಲ್ಲಿ ಚಾಸಿನೇ ಬದಲಾಯ್ತು, 2022ರಲ್ಲಿ ಸ್ಕಾರ್ಪಿಯೋ ಎನ್ ಅಂತ ಪೂರ್ತಿ ಬೇರೆ ಗಾಡಿ ಬಂದು ಹಳೇದಕ್ಕೆ ಕ್ಲಾಸಿಕ್ ಅಂತ ಹೆಸರಾಯ್ತು. ಇನ್ನೋವಾನೂ ಹಂಗೇ, 2005ರಿಂದ 2016ರ ತನಕ 2.5 ಡೀಸೆಲ್, ಕ್ರಿಸ್ಟಾ ಬಂದ್ಮೇಲೆ 2.4 ಮತ್ತೆ 2.8. ಹಾಗಾಗಿ ನಮ್ಮ ಮಾವ ಇನ್ನೋವಾ ಇಟ್ಕೊಂಡಿದ್ರು, 4 ಲಕ್ಷ ಕಿಲೋಮೀಟರ್ ಎಂಜಿನ್ ಬಿಚ್ಚಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಯಾವ ಇಸವಿದು, ಯಾವ ಎಂಜಿನ್ನು ಅಂತ ಕೇಳಿ, ಅದು ಗೊತ್ತಾಗ್ದೇ ಆ ಮಾತಿಗೆ ಬೆಲೆ ಇಲ್ಲ.

ಎಂಜಿನ್ ಗೊತ್ತಾದ ಮೇಲೆ ಮೊದಲ ಪ್ರಶ್ನೆ, ಟೈಮಿಂಗ್ ಬೆಲ್ಟಾ ಚೈನಾ? ಅಂದ್ರೆ ಪಿಸ್ಟನ್ನೂ ವಾಲ್ವೂ ಒಂದೇ ತಾಳದಲ್ಲಿ ಓಡೋ ಹಾಗೆ ನೋಡ್ಕೊಳ್ಳೋದು ರಬ್ಬರ್ ಬೆಲ್ಟಾ, ಲೋಹದ ಚೈನಾ ಅಂತ. ಹಳೇ ಇನ್ನೋವಾ 2.5, ಹಳೇ ಫಾರ್ಚುನರ್ 3.0, ಡಸ್ಟರ್ 1.5 ಡೀಸೆಲ್, ಇಕೋಸ್ಪೋರ್ಟ್ ಡೀಸೆಲ್, ಇವೆಲ್ಲಾ ಬೆಲ್ಟ್. ಬ್ರೆಝಾದ 1.3 ಡೀಸೆಲ್, ಕ್ರೆಟಾದ 1.6 ಡೀಸೆಲ್, ಇನ್ನೋವಾ ಕ್ರಿಸ್ಟಾ, ಇವು ಚೈನ್. ಬೆಲ್ಟ್ ಇರೋ ಗಾಡಿ ಕೆಟ್ಟದ್ದು ಅಂತಲ್ಲ, ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು ಅಷ್ಟೇ. ಓಡ್ತಾ ಇರುವಾಗ ಬೆಲ್ಟ್ ಕಟ್ ಆದ್ರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯತ್ತೆ, ಹೆಡ್ ಬಿಚ್ಚೋ ಕೆಲಸ, ಬಿಲ್ಲು ಲಕ್ಷದ ಹತ್ರ ಹೋಗ್ಬಹುದು. ಬೆಲ್ಟ್ ಬದಲಾಯಿಸಿದ ಬಿಲ್ ತೋರ್ಸಿ ಅಂತ ಕೇಳಿ, ಬಿಲ್ ಇಲ್ಲ ಅಂದ್ರೆ ಬದಲಾಯಿಸಿಲ್ಲ ಅಂತಲೇ ತಿಳ್ಕೊಂಡು ಆ ಖರ್ಚನ್ನ ರೇಟಲ್ಲಿ ಕಳೀರಿ. ಹಳೇ ಇನ್ನೋವಾದಲ್ಲಿ ಡ್ಯಾಶ್‌ಬೋರ್ಡಲ್ಲೇ ಟಿ ಬೆಲ್ಟ್ ಅಂತ ಲೈಟ್ ಬರತ್ತೆ, ಆದ್ರೆ ಬೆಲ್ಟ್ ಮುಟ್ಟದೇ ಬರೀ ಲೈಟ್ ರೀಸೆಟ್ ಮಾಡೋ ಪುಣ್ಯಾತ್ಮರೂ ಇದಾರೆ, ಲೈಟ್ ಇಲ್ಲ ಅಂತ ಸಮಾಧಾನ ಆಗ್ಬೇಡಿ. ಚೈನ್ ಅಂದ್ರೆ ಚಿಂತೆನೇ ಇಲ್ಲ ಅನ್ನೋರು ಇನ್ನೊಂದು ಕಡೆ. ಚೈನನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ ಕೆಲಸ ಮಾಡೋದು ಎಂಜಿನ್ ಆಯಿಲ್ ಪ್ರೆಶರಿಂದ, ಆಯಿಲ್ ಚೇಂಜ್ ಮಾಡದೇ 20 ಸಾವಿರ ಓಡಿಸಿದೋರ ಗಾಡಿಲಿ ಚೈನೂ ಸಡಿಲ ಆಗತ್ತೆ, ಬೆಳಗ್ಗೆ ಫಸ್ಟ್ ಸ್ಟಾರ್ಟಲ್ಲಿ ಮುಂದುಗಡೆಯಿಂದ ಕರಕರ ಶಬ್ದ ಬರತ್ತೆ.

ಇನ್ನು ಒಂದೊಂದಾಗಿ ನೋಡೋಣ.

ಬೊಲೆರೊ. 2000ದಿಂದ ಇದೆ. ಹಿಂದ್ಗಡೆ ಲೀಫ್ ಪ್ಲೇಟು, ರಿಯರ್ ವೀಲ್ ಡ್ರೈವು, ಕೆಳಗೆ ಲಾರಿ ತರ ಚಾಸಿ. ಹಳೇ 2.5 ಡಿಐ ಎಂಜಿನ್ನಲ್ಲಿ ಪಂಪೇ ಮೆಕ್ಯಾನಿಕಲ್, ಸೆನ್ಸರ್ ಕಾಟ ಇಲ್ಲ, ಸ್ಕ್ಯಾನರ್ ಇಲ್ದಿರೋ ಗ್ಯಾರೇಜಲ್ಲೂ ರಿಪೇರಿ ಆಗತ್ತೆ, ಮಲೆನಾಡಿನ ಎಸ್ಟೇಟ್‌ಗಳಲ್ಲಿ ಇವತ್ತಿಗೂ ಅದನ್ನೇ ಹುಡುಕಿ ತಗೊಳ್ಳೋರು ಇದಾರೆ. ಆಮೇಲೆ ಕಂಪ್ಯೂಟರ್ ಹೇಳ್ದಂಗೆ ಡೀಸೆಲ್ ಹಾಯಿಸೋ ಕಾಮನ್ ರೈಲ್ ಬಂತು, 2016ರಲ್ಲಿ ಪವರ್ ಪ್ಲಸ್ ಅಂತ 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್ ಬಂತು. ಫ್ಯಾಮಿಲಿಗೆ ಅಂತ ತಗೊಳ್ಳೋರಿಗೆ ಇದೇ ವಾಸಿ, ಪಿಕಪ್ಪೂ ಪರ್ವಾಗಿಲ್ಲ, ಡೀಸೆಲ್ಲೂ ಕಮ್ಮಿ ಕುಡಿಯತ್ತೆ. ಆದ್ರೆ ಬೊಲೆರೊದಲ್ಲಿ ಎಂಜಿನ್‌ಗಿಂತ ಜಾಸ್ತಿ ನೋಡ್ಬೇಕಾಗಿರೋದು ಕೆಳಗೆ. ಕಾಫಿ ಮೂಟೆ, ಗೊಬ್ಬರ, ಆಳುಗಳನ್ನ ಮೀರಿ ತುಂಬ್ಕೊಂಡು ಓಡಾಡಿದ ಗಾಡಿ ಆಗಿದ್ರೆ ಲೀಫ್ ಪ್ಲೇಟ್ ಚಪ್ಪಟೆ ಆಗಿರತ್ತೆ, ಲೀಫ್ ಹಿಡ್ಕೊಂಡಿರೋ ಬ್ರಾಕೆಟ್ ಹತ್ರ ಚಾಸಿಲಿ ಕ್ರ್ಯಾಕ್ ಬಂದು ವೆಲ್ಡಿಂಗ್ ಮಾಡ್ಸಿರ್ತಾರೆ, ಪಿಟ್ ಮೇಲೆ ನಿಲ್ಲಿಸಿ ಟಾರ್ಚ್ ಹಾಕಿ ನೋಡಿ. ಹೊಸದಾಗಿ ಕಪ್ಪು ಪೇಂಟ್ ಹೊಡೆದು ಫಳಫಳ ಅಂತಿದ್ರೆ ಇನ್ನೂ ಹುಷಾರಾಗಿ ನೋಡಿ. ಮಂಗಳೂರು ಉಡುಪಿ ಕಾರವಾರದ ಗಾಡಿ ಆದ್ರೆ ತುಕ್ಕಿಗೋಸ್ಕರ ಇದೇ ಚೆಕ್ಕಿಂಗ್ ಇನ್ನೊಂದ್ಸಲ, ಸಮುದ್ರದ ಗಾಳಿ ಚಾಸಿನ ಒಳಗಿಂದ ತಿನ್ನತ್ತೆ, ಸುತ್ತಿಗೆಲಿ ಮೆಲ್ಲಗೆ ಬಡಿದ್ರೆ ಶಬ್ದದಲ್ಲೇ ಗೊತ್ತಾಗತ್ತೆ. ಸೇಫ್ಟಿ ವಿಷ್ಯದಲ್ಲಿ ಮಾತ್ರ ಹಳೇ ಬೊಲೆರೊ ಬಗ್ಗೆ ಒಳ್ಳೇ ಮಾತು ಹೇಳಕ್ಕಾಗಲ್ಲ, ಎಬಿಎಸ್ಸು, ಡ್ರೈವರ್ ಏರ್‌ಬ್ಯಾಗು ಎಲ್ಲಾ ಗಾಡಿಗೂ ಕಡ್ಡಾಯ ಆಗಿದ್ದೇ 2019ರಲ್ಲಿ, ಅದಕ್ಕಿಂತ ಹಿಂದಿನ ಬೊಲೆರೊಗಳಲ್ಲಿ ಅದನ್ನ ಹುಡುಕೋದೇ ಕಷ್ಟ.

ಸ್ಕಾರ್ಪಿಯೋ. 2.6 ಇರೋ ಹಳೇದು ಈಗ 15 ವರ್ಷ ದಾಟಿರತ್ತೆ, ಅದರ ತಂಟೆ ಬೇಡ. 15 ವರ್ಷ ಆದ್ಮೇಲೆ ಆರ್‌ಸಿ ರಿನ್ಯೂವಲ್, ಅದಕ್ಕೆ ಎಫ್‌ಸಿ, ಅಂದ್ರೆ ಗಾಡಿ ಓಡಕ್ಕೆ ಯೋಗ್ಯ ಅನ್ನೋ ಸರ್ಟಿಫಿಕೇಟು, 2022ರ ಏಪ್ರಿಲ್ಲಲ್ಲೇ ಕಾರಿನ ರಿನ್ಯೂವಲ್ ಫೀಸು 600ರಿಂದ 5,000 ಆಗಿತ್ತು. ಎಂಹಾಕ್ 2.2 ಎಂಜಿನ್ ಗಟ್ಟಿ, ಅದರ ಬಗ್ಗೆ ಮೆಕ್ಯಾನಿಕ್‌ಗಳೂ ಒಳ್ಳೇದೇ ಹೇಳ್ತಾರೆ, ತೊಂದ್ರೆ ಕೊಡೋದು ಸುತ್ತಮುತ್ತಲಿನ ಐಟಮ್‌ಗಳು: ಸಸ್ಪೆನ್ಷನ್ ಬುಷ್ಷು, ಬಾಲ್ ಜಾಯಿಂಟು, ಲಿಂಕ್ ರಾಡು, ಪವರ್ ವಿಂಡೋ ಸ್ವಿಚ್ಚು. ಒಂದೊಂದೂ ಸಣ್ಣ ಖರ್ಚು, ಎಲ್ಲಾ ಸೇರಿ ತಿಂಗಳಿಗೊಂದ್ಸಲ ಗ್ಯಾರೇಜಿಗೆ ಕರೆಸ್ಕೊಳ್ಳತ್ತೆ. 2014ರ ನಂತರದ್ದು ತಗೊಂಡ್ರೆ ಹೈವೇಲಿ ಓಲಾಡೋದು ಹಳೇದಕ್ಕಿಂತ ಕಮ್ಮಿ. ಇದರದ್ದು ಇನ್ನೊಂದು ಸಮಸ್ಯೆ ಗಾಡಿದಲ್ಲ, ಓಡಿಸಿದೋರದ್ದು. ದೊಡ್ಡ ಟೈರು, ಜೋರು ಹಾರ್ನು, ಎಕ್ಸ್‌ಟ್ರಾ ಲೈಟು, ಪವರ್ ಏರ್ಸೋ ರೀಮ್ಯಾಪು ಅಂತ ಮಾಡಿಸಿರೋದೇ ಜಾಸ್ತಿ, ವೈರಿಂಗ್ ಕಟ್ ಮಾಡಿ ಇನ್ಸುಲೇಷನ್ ಟೇಪ್ ಸುತ್ತಿರೋ ಸ್ಕಾರ್ಪಿಯೋ ಎಷ್ಟು ಕಮ್ಮಿಗೆ ಕೊಟ್ರೂ ಬೇಡ. 2016ರಲ್ಲಿ ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೋಗೆ ಡಿಕ್ಕಿ ಹೊಡೆಸಿ ಸೇಫ್ಟಿಗೆ ಸ್ಟಾರ್ ಕೊಡೋ ಗ್ಲೋಬಲ್ ಎನ್‌ಕ್ಯಾಪ್ ಟೆಸ್ಟಲ್ಲಿ ಸೊನ್ನೆ ಸ್ಟಾರ್ ಬಂದಿತ್ತು, ಹಾಗಾಗಿ ಏರ್‌ಬ್ಯಾಗ್ ಇರೋ ವೇರಿಯಂಟೇ ಹುಡುಕಿ.

ಎಕ್ಸ್‌ಯುವಿ 500ರಲ್ಲೂ ಅದೇ 2.2 ಕುಟುಂಬದ ಎಂಜಿನ್, ಆದ್ರೆ ಚಾಸಿ ಬೇರೆ ಇಲ್ಲದ ಮೊನೊಕಾಕ್ ಬಾಡಿ, ಫ್ರಂಟ್ ವೀಲ್ ಡ್ರೈವು. 2011ರಲ್ಲಿ ಬಂತು, 2021ರಲ್ಲಿ ನಿಂತೋಯ್ತು. ಮೊದಮೊದಲ ಬ್ಯಾಚಿನದ್ದು ಬಿಟ್ಟು 2015ರ ನಂತರದ್ದು ನೋಡಿ, ಆರಾಮಿಗೆ ಸ್ಕಾರ್ಪಿಯೋಗಿಂತ ಎಷ್ಟೋ ಮೇಲು, ಆದ್ರೆ ಎಲೆಕ್ಟ್ರಾನಿಕ್ಸ್ ಜಾಸ್ತಿ, ಸ್ಕ್ಯಾನರ್ ಇರೋ ಗ್ಯಾರೇಜ್ ಹತ್ರ ಇದ್ರೆ ಮಾತ್ರ.

ಇನ್ನೋವಾ. ಇದು ಎಸ್‌ಯುವಿ ಅಲ್ಲ ಅಂತ ಜಗಳಕ್ಕೆ ಬರ್ಬೇಡಿ, ಈ ಬಜೆಟ್ಟಲ್ಲಿ ಏಳು ಜನ ಕೂರೋ ಡೀಸೆಲ್ ಗಾಡಿ ಹುಡುಕೋರೆಲ್ಲಾ ಕೊನೆಗೆ ಇದರ ಹತ್ರ ಬಂದೇ ಬರ್ತಾರೆ. ನಮ್ಮ ಬಿಡದಿಲೇ ತಯಾರಾಗಿದ್ದು, ರಾಜ್ಯದ ಯಾವ ಮೂಲೆಗೆ ಹೋದ್ರೂ ಇದನ್ನ ಬಿಚ್ಚಿ ಜೋಡಿಸಿ ಅಭ್ಯಾಸ ಇರೋ ಮೆಕ್ಯಾನಿಕ್ ಸಿಗ್ತಾನೆ. 2.5 ಎಂಜಿನ್ ಸರಿಯಾಗಿ ನೋಡ್ಕೊಂಡ್ರೆ 3-4 ಲಕ್ಷ ಕಿಲೋಮೀಟರ್ ಅನ್ನೋದು ದೊಡ್ಡ ವಿಷ್ಯನೇ ಅಲ್ಲ. ತೊಂದ್ರೆ ಇರೋದೇ ಅಲ್ಲಿ, ಅಷ್ಟು ಓಡತ್ತೆ ಅಂತ ಗೊತ್ತಿರೋದ್ರಿಂದ ಅಷ್ಟು ಓಡಿಸಿಯೇ ಮಾರೋದು. ಟೂರಿಸ್ಟ್ ಗಾಡಿ ವರ್ಷಕ್ಕೆ 50-60 ಸಾವಿರ ಆರಾಮಾಗಿ ಓಡತ್ತೆ, ಹತ್ತು ವರ್ಷದ ಯೆಲ್ಲೋ ಬೋರ್ಡ್ ಇನ್ನೋವಾ ವೈಟ್ ಬೋರ್ಡಾಗಿ, ಮೀಟರ್ ತಿರುಗಿ 1 ಲಕ್ಷದ 30 ಸಾವಿರಕ್ಕೆ ಬಂದು ನಿಂತಿರತ್ತೆ, ಮೇಲೆ ಹೊಸ ಸೀಟ್ ಕವರ್. ಆರ್‌ಸಿ ಹಿಸ್ಟರಿಲಿ ಮೊದಲು ಟ್ಯಾಕ್ಸಿ ಆಗಿತ್ತಾ ಕೇಳಿ, ನಂಬರ್ ಪ್ಲೇಟಿನ ಹಳೇ ಸ್ಕ್ರೂ ತೂತು, ಕ್ಲಚ್ ಪೆಡಲ್ ರಬ್ಬರಿನ ಸವೆತ, ಸ್ಟೇರಿಂಗ್ ಹೊಳಪು, ಡ್ರೈವರ್ ಸೀಟಿನ ಫೋಮ್ ಕುಸಿದಿರೋದು, ಸ್ಲೈಡ್ ಆಗೋ ಸೀಟಿನ ರೈಲು, ಇಷ್ಟನ್ನ ನೋಡಿದ್ರೆ ಮೀಟರ್ ಹೇಳೋದು ನಿಜನಾ ಸುಳ್ಳಾ ಅಂತ ಅಂದಾಜು ಸಿಗತ್ತೆ. ರೇಟ್ ಮಾತ್ರ ಕಣ್ಣಿಗೆ ಕುಕ್ಕತ್ತೆ, ಅದೇ ದುಡ್ಡಿಗೆ ಮೂರು ನಾಲ್ಕು ವರ್ಷ ಹೊಸದಾದ ಬೇರೆ ಗಾಡಿ ಬರತ್ತೆ. ತಿಂಗಳಿಗೆ 500 ಕಿಲೋಮೀಟರೂ ಓಡಿಸದೇ ಇರೋರು ಇನ್ನೋವಾ ಹೆಸರಿಗೆ ಅಷ್ಟು ದುಡ್ಡು ಕೊಡೋದು ನನಗಂತೂ ಸರಿ ಕಾಣಲ್ಲ.

ಡಸ್ಟರ್ ಮತ್ತೆ ಇಕೋಸ್ಪೋರ್ಟ್. ಇವೆರಡನ್ನ ಜೊತೆಗೆ ಹಾಕಕ್ಕೆ ಕಾರಣ ಇದೆ, ಎರಡೂ ಓಡಿಸಕ್ಕೆ ಬಹಳ ಚೆನ್ನಾಗಿವೆ, ಎರಡೂ ಕಮ್ಮಿಗೆ ಸಿಗತ್ತೆ, ಎರಡಕ್ಕೂ ಮಾರ್ಕೆಟ್ ಹೆದರಿದೆ. ಡಸ್ಟರ್ 2012ರಲ್ಲಿ ಬಂತು, ಬಿಎಸ್ 6 ಅನ್ನೋ ಹೊಗೆ ನಿಯಮ ಬಂದ 2020ರಲ್ಲಿ ಡೀಸೆಲ್ ನಿಲ್ತು, 2022ರಲ್ಲಿ ಆ ಹಳೇ ಮಾಡೆಲ್ಲೇ ನಿಲ್ತು. ಇಕೋಸ್ಪೋರ್ಟ್ ಮಾಡ್ತಿದ್ದ ಫೋರ್ಡ್ 2021ರ ಸೆಪ್ಟೆಂಬರಲ್ಲಿ ಇಲ್ಲಿ ಗಾಡಿ ತಯಾರಿಸೋದು ನಿಲ್ಲಿಸ್ತೀವಿ ಅಂತ ಹೇಳ್ತು. ಕೆಟ್ಟ ರಸ್ತೆಲಿ ಡಸ್ಟರ್ ಸಸ್ಪೆನ್ಷನ್ನಿಗೆ ಈ ಬಜೆಟ್ಟಲ್ಲಿ ಸಾಟಿ ಇಲ್ಲ, ಚಾರ್ಮಾಡಿ ಶಿರಾಡಿ ಕಡೆ ಮಳೆಗಾಲದಲ್ಲಿ ಓಡಾಡೋರು ಒಂದ್ಸಲ ಟೆಸ್ಟ್ ಡ್ರೈವ್ ಮಾಡಿ ನೋಡಿ. ಆದ್ರೆ ಬಂಪರ್, ಹೆಡ್‌ಲೈಟ್, ಬಾಡಿ ಪಾರ್ಟ್‌ಗೆ ಆರ್ಡರ್ ಹಾಕಿ ಕಾಯಬೇಕಾಗಬಹುದು, ಬೆಂಗಳೂರು ಮೈಸೂರು ಮಂಗಳೂರು ಹುಬ್ಬಳ್ಳಿಯಿಂದ ದೂರ ಇರೋರು ಇದನ್ನ ಲೆಕ್ಕ ಹಾಕ್ಕೊಳ್ಳಿ. ಇಕೋಸ್ಪೋರ್ಟಲ್ಲಿ 1.5 ಡೀಸೆಲ್ ಮ್ಯಾನ್ಯುವಲ್ ಕಣ್ಮುಚ್ಚಿ ಅಲ್ಲದಿದ್ರೂ ಧೈರ್ಯವಾಗಿ ನೋಡ್ಬಹುದು. 1.0 ಇಕೋಬೂಸ್ಟಲ್ಲಿ ಟೈಮಿಂಗ್ ಬೆಲ್ಟ್ ಆಯಿಲಿನೊಳಗೇ ಓಡತ್ತೆ, ಸರ್ವಿಸ್ ಹಿಸ್ಟರಿ ಪೂರ್ತಿ ಇಲ್ದಿದ್ರೆ ಅದನ್ನ ಮುಟ್ಬೇಡಿ. 2017ಕ್ಕಿಂತ ಮುಂಚಿನ ಪೆಟ್ರೋಲ್ ಆಟೋಮ್ಯಾಟಿಕ್‌ಗೆ ಪವರ್‌ಶಿಫ್ಟ್ ಅನ್ನೋ ಡ್ರೈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಅದನ್ನ ದೂರ ಇಡಿ. ಆಸ್ಟ್ರೇಲಿಯಾದಲ್ಲಿ ಇದೇ ಪವರ್‌ಶಿಫ್ಟ್ ಇರೋ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಓನರ್‌ಗಳ ದೂರುಗಳನ್ನ ನಡೆಸ್ಕೊಂಡ ರೀತಿಗೆ 2018ರಲ್ಲಿ ಕೋರ್ಟು ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತ್ತು. 2017ರ ಫೇಸ್‌ಲಿಫ್ಟಿಂದ ಮಾಮೂಲಿ ಟಾರ್ಕ್ ಕನ್ವರ್ಟರ್ ಬಂತು, ಆಟೋಮ್ಯಾಟಿಕ್ ಬೇಕೇ ಬೇಕು ಅಂದ್ರೆ ಅದು.

ಬ್ರೆಝಾ, ಕ್ರೆಟಾ. ಇವುಗಳ ಬಗ್ಗೆ ಹೇಳಕ್ಕೆ ಜಾಸ್ತಿ ಇಲ್ಲ, ಅದೇ ಇವುಗಳ ಒಳ್ಳೇತನ. ಬ್ರೆಝಾ 2016ರಿಂದ 2020ರವರೆಗೆ ಬರೀ 1.3 ಡೀಸೆಲ್, ಸ್ವಿಫ್ಟ್ ಡಿಸೈರ್‌ಗಳಲ್ಲಿ ಓಡ್ತಿದ್ದ ಅದೇ ಫಿಯೆಟ್ ಮೂಲದ ಎಂಜಿನ್, ಪಾರ್ಟು ಹೋಬಳಿ ಮಟ್ಟದಲ್ಲೂ ಸಿಗತ್ತೆ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪಲ್ಲಿ 4 ಸ್ಟಾರ್ ಬಂದಿದೆ. ಕ್ರೆಟಾ 2015ರದ್ದು 1.6 ಡೀಸೆಲ್ ಹೈವೇ ಗಾಡಿ, ಸ್ಮೂತು, ಆದ್ರೆ ರೇಟು ಇಳಿಯಲ್ಲ, ಕೆಟ್ಟ ರಸ್ತೆಲಿ ಸಸ್ಪೆನ್ಷನ್ ಶಬ್ದ ಬೇಗ ಶುರುವಾಗತ್ತೆ. ನಾಲ್ಕೈದು ಜನರ ಫ್ಯಾಮಿಲಿ, ಟಾರು ರಸ್ತೆ, ವರ್ಷಕ್ಕೆರಡು ಸಲ ಧರ್ಮಸ್ಥಳ ತಿರುಪತಿ ಅಂದ್ರೆ ನಾನು ಬ್ರೆಝಾ ಡೀಸೆಲ್ಲೇ ಹೇಳೋದು.

ಸಫಾರಿ ಸ್ಟಾರ್ಮ್ ಬಗ್ಗೆ ಕೇಳೋರು ಯಾವಾಗ್ಲೂ ಇರ್ತಾರೆ. 2019ಕ್ಕೆ ನಿಂತಿರೋ ಗಾಡಿ, ಸೀಟು ಸಸ್ಪೆನ್ಷನ್ ರಾಜನ ತರ, ಕಮ್ಮಿಗೆ ಸಿಗತ್ತೆ. ಗೊತ್ತಿರೋ ಮೆಕ್ಯಾನಿಕ್ ಇದ್ರೆ ತಗೊಳ್ಳಿ, ಇಲ್ದಿದ್ರೆ ಬೇಡ.

ಹುಡುಕಾಟ ಎಲ್ಲಿ ಮಾಡೋದು

ಅಮೆರಿಕದಲ್ಲಿರೋ ನಮ್ಮೋರಿಗೆ ಕನ್ಸ್ಯೂಮರ್ ರಿಪೋರ್ಟ್ಸ್ ಇದೆ, ಸಾವಿರಾರು ಓನರ್‌ಗಳನ್ನ ಕೇಳಿ ಮಾಡೆಲ್ಲು ಇಸವಿ ಪ್ರಕಾರ ಏನೇನು ಕೆಡತ್ತೆ ಅಂತ ಹಾಕ್ತಾರೆ, ಕಾರ್‌ಫ್ಯಾಕ್ಸ್‌ನಲ್ಲಿ ಒಂದು ಗಾಡಿ ನಂಬರ್ ಹಾಕಿದ್ರೆ ಜಾತಕ ಬರತ್ತೆ. ಇಲ್ಲಿ ಆ ಜಾತಕ ನಾವೇ ಚೂರು ಚೂರು ಸೇರಿಸ್ಕೊಂಡು ಬರೀಬೇಕು. ಮಾಡೆಲ್ ಬಗ್ಗೆ ಓದುವಾಗ ಹೊಸ ಗಾಡಿ ತಗೊಂಡ ಮೊದಲ ತಿಂಗಳು ಬರ್ದಿರೋ ಹೊಗಳಿಕೆ ಬಿಡಿ, 80 ಸಾವಿರ ಕಿಲೋಮೀಟರ್ ದಾಟಿದ ಮೇಲೆ ಬರ್ದಿರೋದನ್ನ ಹುಡುಕಿ. ಜಾಸ್ತಿ ಮಾರಾಟ ಆಗಿರೋ ಗಾಡಿಗೆ ದೂರೂ ಜಾಸ್ತಿನೇ ಕಾಣತ್ತೆ, ಎಣಿಸ್ಬೇಡಿ, ಒಂದೇ ದೂರು ಒಂದೇ ಕಿಲೋಮೀಟರ್ ಹತ್ರ ಮತ್ತೆ ಮತ್ತೆ ಬರ್ತಿದ್ಯಾ ನೋಡಿ. ಆಮೇಲೆ ಶೋರೂಮ್ ಬಿಟ್ಟು ಹೊರಗಡೆ ಸ್ವಂತ ಗ್ಯಾರೇಜ್ ಇಟ್ಟಿರೋ ಮೆಕ್ಯಾನಿಕ್‌ನ ಕೇಳಿ, ಅಣ್ಣಾ ಯಾವ ಗಾಡಿ ಒಳ್ಳೇದು ಅಂತಲ್ಲ, ಯಾವ ಗಾಡಿ ನಿಮ್ಮ ಹತ್ರ ವಾಪಸ್ ವಾಪಸ್ ಬರತ್ತೆ ಅಂತ.

ಆ ಒಂದು ಗಾಡಿ ಬಗ್ಗೆ ಅಂದ್ರೆ, ಮೊದಲು ಸರ್ಕಾರದ ಪರಿವಾಹನ್ ಸೈಟಲ್ಲಿ ನಂಬರ್ ಹಾಕಿ, ಎಷ್ಟನೇ ಓನರು, ಲೋನ್ ಬಾಕಿ ಇದ್ಯಾ, ಬ್ಲ್ಯಾಕ್‌ಲಿಸ್ಟ್ ಆಗಿದ್ಯಾ, ಫೈನ್ ಎಷ್ಟಿದೆ ಎಲ್ಲಾ ಬರತ್ತೆ. ಸರ್ವಿಸ್ ಹಿಸ್ಟರಿಗೆ ಓನರ್‌ನ ಜೊತೆಗೇ ಕರ್ಕೊಂಡು ಆ ಕಂಪನಿಯ ಯಾವ್ದಾದ್ರೂ ಸರ್ವಿಸ್ ಸೆಂಟರಿಗೆ ಹೋಗಿ, ತಾರೀಖು ಮತ್ತೆ ಕಿಲೋಮೀಟರ್ ಏರ್ತಾ ಹೋಗಿ ಇದ್ದಕ್ಕಿದ್ದಂಗೆ ಇಳಿದಿದ್ರೆ ಅಲ್ಲೇ ಎದ್ದು ಬನ್ನಿ. ಇನ್ಶೂರೆನ್ಸ್ ಪಾಲಿಸಿಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ, ಕ್ಲೇಮ್ ಮಾಡದೇ ಇದ್ರೆ 20, 25, 35, 45, 50 ಪರ್ಸೆಂಟ್ ಅಂತ ವರ್ಷ ವರ್ಷ ಏರತ್ತೆ, ಒಂದೇ ಓನರ್ ಇರೋ ಏಳು ವರ್ಷದ ಗಾಡಿಗೆ ಸೊನ್ನೆ ಇದ್ರೆ ಹೋದ ವರ್ಷ ಏನೋ ಆಗಿದೆ ಅಥವಾ ಪಾಲಿಸಿ ಗ್ಯಾಪ್ ಬಿದ್ದಿದೆ, ಬಂಪರ್ ಅಷ್ಟೇ ಸಾರ್ ಅಂತಾರೆ, ಬಿಲ್ ಕೇಳಿ. ಜಾಸ್ತಿ ಜನ ಮಾಡದೇ ಇರೋ ಒಂದು ಚೆಕ್ಕು ಫಾಸ್ಟ್ಯಾಗ್ ಸ್ಟೇಟ್‌ಮೆಂಟು, ವಾರಕ್ಕೆ ಮೂರು ಸಲ ಟೋಲ್ ಕಟ್ಟಿರೋ ಗಾಡಿ ಬರೀ ಆಫೀಸಿಗೆ ಹೋಗ್ತಿತ್ತು ಅನ್ನೋದು ಹೆಂಗೆ ನಂಬ್ತೀರಾ. ಟೈರಿನ ಸೈಡಲ್ಲಿ ನಾಲ್ಕು ಅಂಕಿ ಇರತ್ತೆ, 2319 ಅಂದ್ರೆ 2019ರ 23ನೇ ವಾರದ್ದು, 40 ಸಾವಿರ ಓಡಿದೆ ಅನ್ನೋ 2017ರ ಗಾಡಿಲಿ ಎಲ್ಲಾ ಟೈರೂ 2023ರದ್ದಾಗಿದ್ರೆ ಯಾಕೆ ಅಂತ ಕೇಳಿ.

ನಂಬರ್ ಪ್ಲೇಟೂ ಕಥೆ ಹೇಳತ್ತೆ. ಕೆಎ 34 ಬಳ್ಳಾರಿ, ಕೆಎ 35 ಹೊಸಪೇಟೆ ಗಾಡಿ ಆದ್ರೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ, ಎಸಿ ವೆಂಟು, ಡೋರಿನ ರಬ್ಬರ್ ಬೀಡಿಂಗ್ ಎಳೆದು ನೋಡಿ, ಮೈನಿಂಗ್ ಧೂಳು ಕೆಂಪಗೆ ಕೂತಿದ್ರೆ ಟರ್ಬೊನೂ ಆ ಧೂಳನ್ನೇ ಕುಡಿದಿರಬಹುದು. 2018ರ ಕೊಡಗು ಕೇರಳ, 2019ರ ಬೆಳಗಾವಿ ಬಾಗಲಕೋಟೆ, 2022ರಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಬೆಳ್ಳಂದೂರು ಕಡೆ ನೀರು ನಿಂತಾಗ ಮುಳುಗಿದ ಗಾಡಿಗಳೆಲ್ಲಾ ಗುಜರಿಗೇ ಹೋದ್ವು ಅಂದ್ಕೋಬೇಡಿ, ಸೀಟ್ ಬೆಲ್ಟನ್ನ ಕೊನೆ ತನಕ ಎಳೆದು ನೋಡಿ, ಮಣ್ಣಿನ ಗೆರೆ ಇದ್ರೆ ಮುಳುಗಿದ ಗಾಡಿ. ದೆಹಲಿ ಹರಿಯಾಣ ರಿಜಿಸ್ಟ್ರೇಷನ್ನಿನ ಫಾರ್ಚುನರ್, ಇನ್ನೋವಾ ಕಮ್ಮಿಗೆ ಬರೋದಕ್ಕೆ ದೆಹಲಿ ಮತ್ತೆ ಅದರ ಸುತ್ತಲಿನ ಜಿಲ್ಲೆಗಳಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸೋ ಹಾಗಿಲ್ಲ ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಮಾಡಿದ ಆದೇಶ ಒಂದು ಕಾರಣ. ಆದ್ರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತಂದು ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು, 10ರಿಂದ 20 ಲಕ್ಷದ ಹೊಸ ಗಾಡಿಗೆ ಇಲ್ಲಿ 17 ಪರ್ಸೆಂಟ್, ಹಳೇದಕ್ಕೆ ವಯಸ್ಸಿನ ಪ್ರಕಾರ ಕಮ್ಮಿ ಆಗತ್ತೆ, ಅದನ್ನ ಸೇರಿಸಿ ನೋಡಿದ್ರೆ ಕಮ್ಮಿ ರೇಟು ಅಷ್ಟೇನೂ ಕಮ್ಮಿ ಕಾಣಲ್ಲ.

ಗಾಡಿ ನೋಡಕ್ಕೆ ಬೆಳಗ್ಗೆನೇ ಹೋಗಿ, ಬಾನೆಟ್ ಮುಟ್ಟಿ, ಬಿಸಿ ಇದ್ರೆ ಮುಂಚೆನೇ ಸ್ಟಾರ್ಟ್ ಮಾಡಿಟ್ಟಿದಾರೆ ಅಂತ ಅರ್ಥ, ಟೀ ಕುಡಿದು ಎರಡು ಗಂಟೆ ಬಿಟ್ಟು ಬರ್ತೀನಿ ಅನ್ನಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಎಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೀರಿ, ಹೊಗೆ ಪುಸುಪುಸು ಅಂತ ಒತ್ತಡದಲ್ಲಿ ಬಂದ್ರೆ ಬ್ಯಾಕ್ ಕಂಪ್ರೆಷನ್, ಎಂಜಿನ್ ಕೆಲಸ ಹತ್ರ ಬಂದಿದೆ. ಸೈಲೆನ್ಸರಲ್ಲಿ ನೀಲಿ ಹೊಗೆ ನಿಲ್ಲದೇ ಬಂದ್ರೆ ಆಯಿಲ್ ಸುಡ್ತಿದೆ. 2020ರ ನಂತರದ ಬಿಎಸ್ 6 ಡೀಸೆಲ್ ಆದ್ರೆ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಇರತ್ತೆ, ಆ ಫಿಲ್ಟರ್ ಕ್ಲೀನ್ ಆಗಕ್ಕೆ ಹೈವೇ ಓಟ ಬೇಕು, ದಿನಾ ನಾಲ್ಕು ಕಿಲೋಮೀಟರ್ ಟ್ರಾಫಿಕಲ್ಲೇ ಓಡಿರೋ ಬೆಂಗಳೂರು ಗಾಡಿಲಿ ಅದು ಕಟ್ಟಿಕೊಂಡಿರೋ ಚಾನ್ಸ್ ಜಾಸ್ತಿ, ಸ್ಕ್ಯಾನರ್ ಹಾಕಿಸದೇ ಅಡ್ವಾನ್ಸ್ ಕೊಡ್ಬೇಡಿ. ನಿಮ್ಮ ಓಡಾಟನೂ ಅಷ್ಟೇ ಇದ್ರೆ ಡೀಸೆಲ್ಲೇ ಬೇಡ, 2020ರ ನಂತರದ ಬ್ರೆಝಾ 1.5 ಪೆಟ್ರೋಲ್ ನೋಡಿ.

ಸಾಮಾನು ಸಾಗಿಸೋ ಪಿಕಪ್ ಗಾಡಿ ಬೇಕು ಅನ್ನೋರಿಗೆ

ಬೊಲೆರೊ ಪಿಕಪ್, ಟಾಟಾ ಯೋಧ ಇವೆಲ್ಲಾ ಯೆಲ್ಲೋ ಬೋರ್ಡು, ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅದು ಯಾವಾಗ ಮುಗಿಯತ್ತೆ ನೋಡ್ಕೊಂಡೇ ರೇಟ್ ಮಾತಾಡಿ, ಮುಂದಿನ ತಿಂಗಳು ಎಫ್‌ಸಿ ಇರೋ ಗಾಡಿನ ಟಿಂಕರಿಂಗ್ ಪೇಂಟಿಂಗ್ ಖರ್ಚು ತಪ್ಪಿಸ್ಕೊಳ್ಳಕ್ಕೇ ಮಾರ್ತಿರ್ತಾರೆ. ಮರುಮಾರಾಟ, ಪಾರ್ಟು ಎರಡರಲ್ಲೂ ಬೊಲೆರೊ ಪಿಕಪ್ ಮುಂದೆ. ತೋಟಕ್ಕೂ ಫ್ಯಾಮಿಲಿಗೂ ಒಂದೇ ಗಾಡಿ, ವೈಟ್ ಬೋರ್ಡ್ ಬೇಕು ಅಂದ್ರೆ 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಇದೆ, ಗಟ್ಟಿ ಗಾಡಿ, ಆದ್ರೆ ಮೊದಲೇ ಹೇಳ್ದಂಗೆ ಸರ್ವಿಸ್ ಸೆಂಟರ್ ಎಷ್ಟು ದೂರ ಅಂತ ಮ್ಯಾಪಲ್ಲಿ ನೋಡಿ.

ರೇಟ್ ಮಾತಾಡುವಾಗ ಗಾಡಿ ಬೆಲೆಯ 10-15 ಪರ್ಸೆಂಟ್ ಬೇರೆ ತೆಗೆದಿಟ್ಟು ಉಳಿದಿದ್ದನ್ನೇ ಬಜೆಟ್ ಅಂದ್ಕೊಳ್ಳಿ, ಬೆಲ್ಟು, ಎಲ್ಲಾ ಆಯಿಲು, ಬ್ರೇಕ್ ಪ್ಯಾಡು, ಬ್ಯಾಟರಿ, ಬಹುಶಃ ಟೈರು, ಇಷ್ಟು ಮೊದಲ ತಿಂಗಳಲ್ಲೇ ಮಾಡ್ಸಿಬಿಡಿ. ಓನರ್ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸೈನ್ ಹಾಕ್ಸಿ, ಲೋನ್ ಇದ್ದಿದ್ರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35, ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡ್ಸಿ. ಟ್ರಾನ್ಸ್‌ಫರ್ ಆಮೇಲೆ ಮಾಡ್ಸಿದ್ರಾಯ್ತು ಸಾರ್ ಅನ್ನೋ ಬ್ರೋಕರ್‌ಗೆ ಫುಲ್ ಪೇಮೆಂಟ್ ಕೊಡ್ಬೇಡಿ, ಆರ್‌ಸಿ ನಿಮ್ಮ ಹೆಸರಿಗೆ ಬರೋ ತನಕ 10-20 ಸಾವಿರ ಆದ್ರೂ ಹಿಡ್ಕೊಂಡಿರಿ.